ಮೊದಲ ಕ್ಯಾಡ್ ಮಾಡೆಲ್: ಪಲ್ಪರ್ ಮೋಟಾರಿನ ಬೇಸ್ ಪ್ಲೇಟ್, ಅಳತೆಯಿಂದ ಕಟಿಂಗ್‌ವರೆಗೆ

ಪರದೆಯ ಮೇಲೆ ಚೆನ್ನಾಗಿ ಕಾಣುವ ಪ್ಲೇಟು ಕತ್ತರಿಸಿ ತಂದ ಮೇಲೆ ಮೋಟಾರಿಗೆ ಕೂರುವುದಿಲ್ಲ. ಹೊಸದಾಗಿ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಅಳತೆ ಸಮೇತ ಭಾಗ ಬರೆಯುವುದನ್ನು ಕಲಿಯುವವರು ಹೇಳುವ ದೂರು ಹೆಚ್ಚಾಗಿ ಇದೇ. ಅಥವಾ ಒಂದು ಅಳತೆ ಬದಲಿಸಿದ ಕೂಡಲೇ ಇಡೀ ಮಾಡೆಲ್ ಸೊಟ್ಟಗಾಗುತ್ತದೆ. ಕಾರಣ ಸಾಫ್ಟ್‌ವೇರ್ ಕಷ್ಟ ಅಂತಲ್ಲ. ಅಳತೆ ತೆಗೆಯುವ ಮೊದಲೇ ಆಕಾರ ಬರೆಯಲು ಕೂರುತ್ತೇವೆ, ಸ್ಕೆಚ್ಚಿನ ಗೆರೆಗಳೆಲ್ಲ ಅಳತೆಯಿಂದ ಬಿಗಿಯಾಗುವ ಮೊದಲೇ ಮುಂದಿನ ಹೆಜ್ಜೆಗೆ ಹಾರುತ್ತೇವೆ. ಈ ಎರಡನ್ನು ಸರಿಮಾಡಿಕೊಂಡರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ಹಾಗಾಗಿ ಇಲ್ಲಿ ಹತ್ತಾರು ಆಕಾರಗಳನ್ನು ಹೇಳುವುದಿಲ್ಲ. ಒಂದೇ ಒಂದು ಭಾಗ ಮಾಡೋಣ, ಅದೂ ಕೊಡಗಿನಲ್ಲಿ ನಿಜವಾಗಿ ಬೇಕಾಗುವಂಥದ್ದು. ಕಾಫಿ ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ತಿರುಗಿಸುವ ಮೋಟಾರಿನ ಕೆಳಗೆ ಕೂರುವ ಕಬ್ಬಿಣದ ಬೇಸ್ ಪ್ಲೇಟ್ ಅದು. ಬೆಲ್ಟ್ ಬಿಗಿ ಮಾಡಲು ಮೋಟಾರ್ ಹಿಂದೆ ಮುಂದೆ ಸರಿಯಬೇಕು, ಅದಕ್ಕೆ ನಾಲ್ಕು ಉದ್ದ ತೂತು, ಅಂದರೆ ಸ್ಲಾಟ್ ಬೇಕು. ಪ್ಲೇಟನ್ನು ಫ್ರೇಮಿಗೆ ಬಿಗಿಯಲು ಮೂಲೆಗಳಲ್ಲಿ ನಾಲ್ಕು ದುಂಡು ತೂತು ಬೇಕು. ಅಷ್ಟೇ.

ಏನೇನು ಬೇಕು

ಅಳತೆಗೆ 150 ಮಿ.ಮೀ. ವರ್ನಿಯರ್ ಕ್ಯಾಲಿಪರ್, 300 ಮಿ.ಮೀ. ಸ್ಟೀಲ್ ಸ್ಕೇಲ್, ತಂತಿ ಬ್ರಷ್, ಪೆನ್ಸಿಲ್, ಹಾಳೆ. ಟೇಪಿನಲ್ಲಿ ತೂತಿನ ಅಳತೆ ತೆಗೆಯಬೇಡಿ. ಅದರ ತುದಿಯ ಕೊಕ್ಕೆ ಅಲ್ಲಾಡುತ್ತದೆ, ಮೊದಲ ತಪ್ಪು ಅಲ್ಲೇ ಸೇರಿಕೊಳ್ಳುತ್ತದೆ.

ಸಾಫ್ಟ್‌ವೇರಿಗೆ ಫ್ರೀಕ್ಯಾಡ್ ಸಾಕು. ಪೂರ್ತಿ ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ತೋಟದ ಮನೆಯಲ್ಲಿ ಸಿಗ್ನಲ್ ಹುಡುಕಿಕೊಂಡು ಅಂಗಳದ ಮೂಲೆಗೆ ಹೋಗಬೇಕಾದವರಿಗೆ ಇದೇ ದೊಡ್ಡ ಅನುಕೂಲ. ಬ್ರೌಸರಿನಲ್ಲಿ ನಡೆಯುವ ಕ್ಯಾಡ್‌ಗಳೂ ಒಳ್ಳೆಯವೇ, ಆದರೆ ನೆಟ್‌ವರ್ಕ್ ಹೋದರೆ ಕೆಲಸ ನಿಂತಂತೆ. 2024ರ ನವೆಂಬರಿನಲ್ಲಿ ಬಂದ 1.0 ಅಥವಾ ಅದಕ್ಕಿಂತ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಿ. ಹಳೆಯದರಲ್ಲಿ ನಡುವೆ ಏನಾದರೂ ಬದಲಿಸಿದರೆ ಮುಂದಿನ ಹೆಜ್ಜೆಗಳು ತಪ್ಪು ಅಂಚಿಗೆ ಅಂಟಿಕೊಳ್ಳುವ ಕಾಟ ಜಾಸ್ತಿ ಇತ್ತು.

ಚಕ್ರವಿರುವ ಮೌಸ್ ಕಡ್ಡಾಯ ಅಂತಲೇ ನನ್ನ ಮಾತು. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಶುರು ಮಾಡಿದವರು ಮಾಡೆಲ್ ತಿರುಗಿಸುವುದರಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತಾರೆ.

ಹಂತ 1: ಮೋಟಾರಿನ ಅಳತೆ ತೆಗೆಯಿರಿ

ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಪಕ್ಕಕ್ಕಿಡಿ. ನೇರ ವೈರಿಂಗ್ ಆಗಿದ್ದರೆ ಮೇನ್ ತೆಗೆಯಿರಿ. ಬೆಲ್ಟ್ ಕಳಚಿದ ಮೇಲೆಯೇ ಕೈ ಹಾಕಿ.

ಈ ಕೆಲಸಕ್ಕೆ ಕೊಯ್ಲು ಶುರುವಾಗುವ ಮುಂಚಿನ ಸಮಯ ಒಳ್ಳೆಯದು. ಹಣ್ಣು ಬಂದು ಬಿದ್ದ ಮೇಲೆ ಪಲ್ಪರ್ ನಿಲ್ಲಿಸಲು ಯಾರೂ ಬಿಡುವುದಿಲ್ಲ, ಆಗ ತೆಗೆದ ಅಳತೆ ಅವಸರದ ಅಳತೆ.

ಮೋಟಾರಿನ ಪಾದದಲ್ಲಿರುವ ತುಕ್ಕು, ಹಳೆಯ ಬಣ್ಣ, ಒಣಗಿದ ಸಿಪ್ಪೆ ಎಲ್ಲವನ್ನೂ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನಮ್ಮ ಮಳೆಗಾಲ ಕಂಡ ಕಬ್ಬಿಣದ ಮೇಲೆ ತುಕ್ಕಿನ ಪದರವೇ ಅರ್ಧ ಮಿ.ಮೀ. ಅಳತೆ ತಿನ್ನಬಲ್ಲದು.

ಎರಡು ತೂತುಗಳ ನಡುಬಿಂದುಗಳ ದೂರವನ್ನು ನೇರವಾಗಿ ಅಳೆಯಲು ಬರುವುದಿಲ್ಲ, ನಡುಬಿಂದುವಿನಲ್ಲಿ ಹಿಡಿಯಲು ಏನೂ ಇಲ್ಲ ಅಲ್ವಾ? ಹೀಗೆ ಮಾಡಿ: ಎರಡು ತೂತುಗಳ ಒಳ ಅಂಚುಗಳ ನಡುವಿನ ದೂರ ತೆಗೆಯಿರಿ, ಆಮೇಲೆ ಹೊರ ಅಂಚುಗಳ ನಡುವಿನ ದೂರ. ಎರಡನ್ನೂ ಕೂಡಿಸಿ ಅರ್ಧ ಮಾಡಿ. ಒಳಗಿನದು 115, ಹೊರಗಿನದು 135 ಬಂದರೆ ನಡುಬಿಂದುಗಳ ದೂರ 125. ತೂತಿನ ವ್ಯಾಸ ತಪ್ಪಾಗಿ ಓದಿದ್ದರೂ ಈ ಲೆಕ್ಕ ಕೆಡುವುದಿಲ್ಲ.

ನಾಲ್ಕೂ ತೂತಿಗೆ ಎರಡೂ ದಿಕ್ಕಿನಲ್ಲಿ ಹೀಗೆ ಮಾಡಿ. ಕೊನೆಗೆ ಸ್ಟೀಲ್ ಸ್ಕೇಲಿನಲ್ಲಿ ಎದುರು ಮೂಲೆಯ ತೂತುಗಳ ನಡುವಿನ ಎರಡು ಕರ್ಣವನ್ನೂ ಇದೇ ರೀತಿ ಅಳೆಯಿರಿ. 125 ಮತ್ತು 100ರ ಆಯತದಲ್ಲಿ ಕರ್ಣ 160 ಬರಬೇಕು, ಎರಡೂ ಒಂದೇ ಇರಬೇಕು. ಎರಡರಲ್ಲಿ ವ್ಯತ್ಯಾಸವಿದ್ದರೆ ನಿಮ್ಮ ಅಳತೆಯಲ್ಲಿ ಎಲ್ಲೋ ತಪ್ಪಿದೆ, ಅಥವಾ ಯಾರೋ ಹಿಂದೆ ತೂತನ್ನು ಕೊರೆದು ದೊಡ್ಡದು ಮಾಡಿದ್ದಾರೆ.

ನಾನು ಇಲ್ಲಿ ತೆಗೆದುಕೊಂಡಿರುವ 125, 100 ಎಂಬ ಸಂಖ್ಯೆಗಳು ಐಇಸಿ 80 ಫ್ರೇಮಿನ ಮೋಟಾರಿನವು. ಐಇಸಿ ಫ್ರೇಮ್ ಅಂದರೆ ಮೋಟಾರಿನ ಗಾತ್ರ ಹೇಳುವ ಅಂತರರಾಷ್ಟ್ರೀಯ ಗುರುತು. ಶಾಫ್ಟಿಗೆ ಅಡ್ಡವಾಗಿ 125, ಶಾಫ್ಟಿನ ಉದ್ದಕ್ಕೆ 100, ಪಾದದ ತೂತು 10 ಮಿ.ಮೀ. ಒಂದು ಎಚ್‌ಪಿಯ ಮೂರು ಫೇಸ್ ಮೋಟಾರುಗಳಲ್ಲಿ ಈ ಫ್ರೇಮ್ ಸಾಮಾನ್ಯ. ಹಳೆಯ ಸಿಂಗಲ್ ಫೇಸ್ ಮೋಟಾರಿನಲ್ಲಿ ಇದು ಬೇರೆ ಇರಬಹುದು. ನೇಮ್ ಪ್ಲೇಟ್ ಓದಿ, ಆದರೂ ಕೈಯಲ್ಲೇ ಅಳೆದು ನೋಡಿ.

ಇನ್ನೂ ಒಂದು ಅಳತೆ ಬೇಕು, ಅದನ್ನು ಬಹಳ ಜನ ಬಿಡುತ್ತಾರೆ: ಪಾದದ ಹೊರ ಅಂಚಿನಿಂದ ಹೊರ ಅಂಚಿಗೆ ಎಷ್ಟು, ಎರಡೂ ದಿಕ್ಕಿನಲ್ಲಿ. ಯಾಕೆ ಅಂತ ಮುಂದಿನ ಹಂತದಲ್ಲೇ ಗೊತ್ತಾಗುತ್ತದೆ.

ಹಂತ 2: ಕಂಪ್ಯೂಟರ್ ತೆರೆಯುವ ಮೊದಲು ಹಾಳೆಯಲ್ಲಿ

ಹಾಳೆಯ ಮಧ್ಯೆ ಕೂಡಿಸುವ ಗುರುತಿನಂತೆ (+) ಎರಡು ಗೆರೆ ಹಾಕಿ. ಪ್ಲೇಟಿನ ನಡುಬಿಂದು ಅದೇ. ಶಾಫ್ಟ್ ಯಾವ ಕಡೆಗೆ ಅಂತ ಬಾಣ ಹಾಕಿ ಬರೆಯಿರಿ. ಈ ಬಾಣ ಇಲ್ಲದೆ ಮುಂದೆ ಹೋಗಬೇಡಿ. ಬೆಲ್ಟ್ ಬಿಗಿಯಾಗಬೇಕಾದರೆ ಮೋಟಾರ್ ಶಾಫ್ಟಿಗೆ ಅಡ್ಡವಾಗಿ ಸರಿಯಬೇಕು. ಆದ್ದರಿಂದ ಸ್ಲಾಟ್ ಕೂಡ ಶಾಫ್ಟಿಗೆ ಅಡ್ಡವಾಗಿಯೇ ಇರಬೇಕು. ಸ್ಲಾಟನ್ನು ಶಾಫ್ಟಿನ ಉದ್ದಕ್ಕೆ ಬರೆದರೆ ಮೋಟಾರ್ ಚೆನ್ನಾಗಿ ಸರಿಯುತ್ತದೆ, ಬೆಲ್ಟ್ ಮಾತ್ರ ಬಿಗಿಯಾಗುವುದೇ ಇಲ್ಲ. ಪ್ಲೇಟ್ ಪೂರ್ತಿ ದಂಡ.

ನಮ್ಮ ಅಳತೆಗಳು ಇವು. ಪ್ಲೇಟ್ 260 ಉದ್ದ, 180 ಅಗಲ, 8 ದಪ್ಪ. ಮೋಟಾರಿಗೆ ಎಂ8, ಅಂದರೆ 8 ಮಿ.ಮೀ. ದಪ್ಪದ ಬೋಲ್ಟ್, ಅದಕ್ಕೆ 9 ಮಿ.ಮೀ. ಅಗಲದ ಸ್ಲಾಟ್. ಸ್ಲಾಟಿನ ಎರಡು ತುದಿಗಳ ನಡುಬಿಂದುಗಳ ದೂರ 30, ಅಂದರೆ ಮೋಟಾರ್ ಆ ಕಡೆ 15, ಈ ಕಡೆ 15 ಸರಿಯುತ್ತದೆ. ಫ್ರೇಮಿಗೆ ಎಂ10 ಬೋಲ್ಟ್, ಅದಕ್ಕೆ 11 ಮಿ.ಮೀ. ತೂತು, ಪ್ಲೇಟಿನ ಅಂಚಿನಿಂದ 15 ಒಳಗೆ.

ಬೋಲ್ಟಿನ ಅಳತೆಗೇ ತೂತು ಬರೆಯುವುದು ಬಹಳ ಸಾಮಾನ್ಯ ತಪ್ಪು. ಎಂ8 ಬೋಲ್ಟು 8 ಮಿ.ಮೀ. ತೂತಿನಲ್ಲಿ ಇಳಿಯುವುದಿಲ್ಲ. ಎಂ6ಗೆ 6.6, ಎಂ8ಗೆ 9, ಎಂ10ಗೆ 11, ಎಂ12ಗೆ 13.5. ಈ ನಾಲ್ಕನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ಈಗ ಪಾದದ ಹೊರ ಅಳತೆಗೆ ಬರೋಣ. ಮೋಟಾರನ್ನು ಪೂರ್ತಿ ಒಂದು ಕಡೆಗೆ ಸರಿಸಿದಾಗ ಪಾದದ ಮೂಲೆ ಎಲ್ಲಿಗೆ ಬರುತ್ತದೆ? ಹೊರ ಅಳತೆ ಅಡ್ಡಕ್ಕೆ 160 ಇದ್ದರೆ ಅರ್ಧ 80, ಅದಕ್ಕೆ 15 ಕೂಡಿಸಿದರೆ 95. ಮೂಲೆಯ ತೂತು ನಡುವಿನಿಂದ 115ರಲ್ಲಿದೆ, ಬೋಲ್ಟಿನ ತಲೆ ಸುಮಾರು 10 ಮಿ.ಮೀ. ಒಳಕ್ಕೆ ಬರುತ್ತದೆ ಅಂದುಕೊಂಡರೂ 105. ತಾಗುವುದಿಲ್ಲ. ಇದನ್ನು ನೋಡದೆ 220 ಉದ್ದದ ಪ್ಲೇಟ್ ಸಾಕು ಅಂತ ಬರೆದರೆ, ಮೋಟಾರ್ ಸರಿಸುವಾಗ ಪಾದ ಹೋಗಿ ಬೋಲ್ಟಿನ ತಲೆಗೆ ಗುದ್ದುತ್ತದೆ. ಪರದೆಯಲ್ಲಿ ಮೋಟಾರ್ ಇಲ್ಲವಲ್ಲ, ಅದಕ್ಕೇ ಇದು ಕಾಣುವುದಿಲ್ಲ. ಹಾಳೆಯಲ್ಲೇ ಹಿಡಿಯಬೇಕು.

ಸ್ಲಾಟಿನ ಸ್ಥಾನವನ್ನೂ ಈಗಲೇ ಲೆಕ್ಕ ಹಾಕಿ ಬರೆದಿಡಿ. 125ರ ಅರ್ಧ 62.5, ಅದರಿಂದ 15 ಕಳೆದರೆ 47.5. ಅದು ಸ್ಲಾಟಿನ ಒಳತುದಿಯ ನಡುಬಿಂದು. ಇನ್ನೊಂದು ದಿಕ್ಕಿನಲ್ಲಿ 100ರ ಅರ್ಧ 50. ಮೂಲೆ ತೂತು 115 ಮತ್ತು 75ರಲ್ಲಿ.

ಹಂತ 3: ಫ್ರೀಕ್ಯಾಡ್ ಸಿದ್ಧ ಮಾಡಿಕೊಳ್ಳಿ

ಪ್ರಿಫರೆನ್ಸಸ್‌ನಲ್ಲಿ ಯೂನಿಟ್ ಮಿಲಿಮೀಟರ್ ಇದೆಯೇ ನೋಡಿ. ಹೊಸ ಫೈಲ್ ತೆರೆದು, ಮೇಲಿನ ಪಟ್ಟಿಯಲ್ಲಿ ಪಾರ್ಟ್ ಡಿಸೈನ್ ವರ್ಕ್‌ಬೆಂಚ್ ಆರಿಸಿ. ವರ್ಕ್‌ಬೆಂಚ್ ಅಂದರೆ ಒಂದು ಬಗೆಯ ಕೆಲಸದ ಟೂಲುಗಳ ಗುಂಪು. ಫೈಲನ್ನು ಮೊದಲೇ ಸೇವ್ ಮಾಡಿ, ಹೆಸರಿನ ಕೊನೆಗೆ 01 ಅಂತ ಸೇರಿಸಿ. ಒಂದೊಂದು ಹಂತ ಮುಗಿದಾಗಲೂ ಸೇವ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಇಲ್ಲದೆ ಕೂರಬೇಡಿ.

ಮೌಸ್ ಚಕ್ರ ತಿರುಗಿಸಿದರೆ ಹತ್ತಿರ, ದೂರ. ಚಕ್ರ ಒತ್ತಿ ಹಿಡಿದು ಎಳೆದರೆ ಸರಿಯುತ್ತದೆ. ಚಕ್ರದ ಜೊತೆ ಎಡ ಬಟನ್ನೂ ಒತ್ತಿ ಎಳೆದರೆ ತಿರುಗುತ್ತದೆ. ಕೀಬೋರ್ಡಿನಲ್ಲಿ 2 ಒತ್ತಿದರೆ ಮೇಲಿನ ನೋಟ, 0 ಒತ್ತಿದರೆ ಓರೆ ನೋಟ. ದಾರಿ ತಪ್ಪಿ ಎಲ್ಲಿದ್ದೇವೆ ಅಂತ ಗೊತ್ತಾಗದಿದ್ದರೆ ವಿ, ಆಮೇಲೆ ಎಫ್ ಒತ್ತಿ. ಮಾಡೆಲ್ ಪೂರ್ತಿ ಪರದೆಗೆ ಬರುತ್ತದೆ.

ಹಂತ 4: ಬಾಡಿ, ಆಮೇಲೆ ಮೊದಲ ಸ್ಕೆಚ್

ಕ್ರಿಯೇಟ್ ಬಾಡಿ ಒತ್ತಿ. ಬಾಡಿ ಅಂದರೆ ಒಂದು ಭಾಗದ ಎಲ್ಲ ಹೆಜ್ಜೆಗಳನ್ನೂ ಒಟ್ಟಿಗೆ ಇಡುವ ಡಬ್ಬಿ. ನಂತರ ಕ್ರಿಯೇಟ್ ಸ್ಕೆಚ್, ಎಕ್ಸ್‌ವೈ ಪ್ಲೇನ್ ಆರಿಸಿ. ಈ ಕ್ರಮ ಬದಲಿಸಬೇಡಿ. ಬಾಡಿ ಇಲ್ಲದೆ ಬರೆದ ಸ್ಕೆಚ್ ಎಡಗಡೆಯ ಪಟ್ಟಿಯಲ್ಲಿ ಹೊರಗೆ ಒಂಟಿಯಾಗಿ ನಿಲ್ಲುತ್ತದೆ, ಮುಂದೆ ತಾನಾಗಿ ಯಾವುದಕ್ಕೂ ಸೇರುವುದಿಲ್ಲ. ಪಟ್ಟಿಯಲ್ಲಿ ಸ್ಕೆಚ್ ಬಾಡಿಯ ಒಳಗೆ ಕಾಣಬೇಕು. ಕಾಣದಿದ್ದರೆ ಅಲ್ಲೇ ನಿಲ್ಲಿಸಿ.

ಸೆಂಟರ್ಡ್ ರೆಕ್ಟ್ಯಾಂಗಲ್ ಟೂಲ್ ತೆಗೆದುಕೊಂಡು, ಮೊದಲ ಕ್ಲಿಕ್ ಸರಿಯಾಗಿ ಮೂಲಬಿಂದುವಿನ ಮೇಲೆ ಇಡಿ, ಎಂದರೆ ಕೆಂಪು ಹಸಿರು ಗೆರೆಗಳು ಸೇರುವ ಜಾಗ. ಇನ್ನೊಂದು ಕ್ಲಿಕ್ ಎಲ್ಲಾದರೂ ಆಗಲಿ. ಗಾತ್ರದ ಬಗ್ಗೆ ಈಗ ಚಿಂತೆ ಬೇಡ. ಎಸ್ಕೇಪ್ ಒತ್ತಿ ಟೂಲ್ ಬಿಡಿ. ಆದರೆ ಎಸ್ಕೇಪ್ ಮತ್ತೆ ಮತ್ತೆ ಒತ್ತಿದರೆ ಸ್ಕೆಚ್ಚೇ ಮುಚ್ಚಿಹೋಗಬಹುದು. ಹಾಗಾದರೆ ಗಾಬರಿ ಬೇಡ, ಪಟ್ಟಿಯಲ್ಲಿ ಸ್ಕೆಚ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಮತ್ತೆ ತೆರೆಯುತ್ತದೆ.

ಈಗ ಡೈಮೆನ್ಷನ್ ಟೂಲ್, ಕೀಬೋರ್ಡಿನಲ್ಲಿ ಡಿ. ಅಡ್ಡಗೆರೆಗೆ 260, ನಿಂತ ಗೆರೆಗೆ 180.

ಇಲ್ಲಿ ಸ್ವಲ್ಪ ನಿಲ್ಲಬೇಕು, ಸೋಲು ಶುರುವಾಗುವುದೇ ಇಲ್ಲಿಂದ. ಗೆರೆಗಳ ಬಣ್ಣ ನೋಡಿ. ಎಲ್ಲವೂ ಹಸಿರಾಗಿ, ಪಕ್ಕದ ಫಲಕದಲ್ಲಿ ಫುಲ್ಲಿ ಕನ್‌ಸ್ಟ್ರೇನ್ಡ್ ಅಂತ ಬಂದಿದ್ದರೆ ಮಾತ್ರ ಸ್ಕೆಚ್ ಮುಗಿದಿದೆ ಅಂತ ಅರ್ಥ. ಅಂದರೆ ಯಾವ ಗೆರೆಯೂ ತನ್ನಷ್ಟಕ್ಕೆ ಸರಿಯುವಂತಿಲ್ಲ. ಹಸಿರಾಗಿಲ್ಲ ಅಂದರೆ ಇನ್ನೂ ಎಷ್ಟು ಸಡಿಲ ಉಳಿದಿದೆ ಅಂತ ಡಿಗ್ರೀಸ್ ಆಫ್ ಫ್ರೀಡಂ ಎಂಬ ಸಂಖ್ಯೆ ಹೇಳುತ್ತದೆ.

ಎಲ್ಲಿ ಸಡಿಲ ಅಂತ ಹುಡುಕುವುದು ಸುಲಭ. ಒಂದು ಮೂಲೆಯನ್ನು ಮೌಸ್‌ನಲ್ಲಿ ಹಿಡಿದು ಎಳೆಯಿರಿ. ಏನು ಸರಿಯುತ್ತದೋ ಅದಕ್ಕೆ ಅಳತೆ ಬಾಕಿ ಇದೆ. ಇಡೀ ಆಯತ ಸರಿದರೆ ಅದು ಮೂಲಬಿಂದುವಿಗೆ ಕಟ್ಟಿಕೊಂಡಿಲ್ಲ. ಗಾತ್ರ ಬದಲಾದರೆ 260 ಅಥವಾ 180 ಬಿಟ್ಟುಹೋಗಿದೆ.

ತದ್ವಿರುದ್ಧವಾದ ತಪ್ಪೂ ಇದೆ. ಒಂದೇ ಮಾತನ್ನು ಎರಡು ಬಾರಿ ಹೇಳಿದರೆ, ಉದಾಹರಣೆಗೆ ಮೇಲಿನ ಗೆರೆಗೂ 260, ಕೆಳಗಿನ ಗೆರೆಗೂ 260 ಕೊಟ್ಟರೆ, ರಿಡಂಡೆಂಟ್ ಅಂತ ಎಚ್ಚರಿಕೆ ಬರುತ್ತದೆ. ಆಗ ಹೊಸದಾಗಿ ಏನನ್ನೂ ಸೇರಿಸಬೇಡಿ. ಕೊನೆಗೆ ಸೇರಿಸಿದ್ದನ್ನು ಅಳಿಸಿ. ಎಚ್ಚರಿಕೆ ಇದ್ದಾಗಲೇ ಇನ್ನೊಂದು ಅಳತೆ ಹಾಕಿ ಸರಿಮಾಡಲು ಹೋದವರ ಸ್ಕೆಚ್ ಪೂರ್ತಿ ಗೋಜಲಾಗುತ್ತದೆ.

ಹಂತ 5: ಪ್ಯಾಡ್

ಸ್ಕೆಚ್ ಮುಚ್ಚಿ, ಅದಕ್ಕೆ ದಪ್ಪ ಕೊಡುವ ಪ್ಯಾಡ್ ಟೂಲ್ ಒತ್ತಿ, 8 ಕೊಡಿ. ಪ್ಲೇಟ್ ಎದ್ದು ನಿಲ್ಲುತ್ತದೆ. 0 ಒತ್ತಿ ಓರೆಯಾಗಿ ನೋಡಿ.

ಪ್ಯಾಡ್ ಆಗದೆ ತಪ್ಪು ತೋರಿಸಿದರೆ ಹೆಚ್ಚಾಗಿ ಗೆರೆಗಳು ಎಲ್ಲೋ ಮೂಲೆಯಲ್ಲಿ ಸೇರಿಲ್ಲ. ಕಣ್ಣಿಗೆ ಸೇರಿದಂತೆ ಕಂಡರೂ ಕೂದಲೆಳೆಯ ಸಂದು ಇರುತ್ತದೆ. ಬಿಡಿಗೆರೆಗಳಿಂದ ಆಯತ ಕಟ್ಟಿದವರಿಗೆ ಇದು ಆಗುತ್ತಲೇ ಇರುತ್ತದೆ. ಸ್ಕೆಚ್ ಮೆನುವಿನ ವ್ಯಾಲಿಡೇಟ್ ಸ್ಕೆಚ್ ಅಂಥ ಸಂದುಗಳನ್ನು ಹುಡುಕಿ ಕೊಡುತ್ತದೆ.

ಹಂತ 6: ಒಂದು ಸ್ಲಾಟ್, ಒಂದು ತೂತು

ನಾಲ್ಕೂ ಸ್ಲಾಟನ್ನು ಒಂದೊಂದಾಗಿ ಬರೆಯಬೇಡಿ. ಬಲ ಮೇಲಿನ ಕಾಲುಭಾಗದಲ್ಲಿ ಒಂದು ಸ್ಲಾಟ್, ಒಂದು ದುಂಡು ತೂತು ಬರೆದರೆ ಸಾಕು.

ಹೊಸ ಸ್ಕೆಚ್ ತೆರೆಯಿರಿ, ಮತ್ತೆ ಎಕ್ಸ್‌ವೈ ಪ್ಲೇನ್ ಮೇಲೆಯೇ. ಪ್ಲೇಟಿನ ಮೇಲ್ಮೈಯನ್ನು ಕ್ಲಿಕ್ ಮಾಡಿ ಅದರ ಮೇಲೆ ಬರೆಯಲು ಕೈ ತುರಿಸುತ್ತದೆ, ಆದರೂ ಬೇಡ. ಮೇಲ್ಮೈ ಮುಂದೆ ಬದಲಾಗಬಹುದು, ಎಕ್ಸ್‌ವೈ ಪ್ಲೇನ್ ಎಂದಿಗೂ ಬದಲಾಗದು. ಪ್ಲೇಟನ್ನು ಮೂಲಬಿಂದುವಿನ ಸುತ್ತ ಸಮನಾಗಿ ಬರೆದದ್ದೂ ಇದಕ್ಕಾಗಿಯೇ. ಎಲ್ಲ ಅಳತೆಯೂ ನಡುವಿನಿಂದ ಸಿಗುತ್ತದೆ.

ಸ್ಲಾಟ್ ಟೂಲಿನಿಂದ ಅಡ್ಡವಾಗಿ ಒಂದು ಸ್ಲಾಟ್ ಎಳೆಯಿರಿ. ಓರೆಯಾಗಿ ಬಂದರೆ ಅದರ ನೇರ ಗೆರೆಗೆ ಹಾರಿಜಾಂಟಲ್ ಕನ್‌ಸ್ಟ್ರೇಂಟ್, ಅಂದರೆ ಅಡ್ಡವಾಗಿಯೇ ಇರು ಎಂಬ ಬಂಧ ಕೊಡಿ. ನಂತರ ತುದಿಯ ಕಮಾನಿಗೆ ರೇಡಿಯಸ್ 4.5, ಎರಡು ನಡುಬಿಂದುಗಳ ದೂರ 30, ಒಳತುದಿಯ ನಡುಬಿಂದು ಮೂಲಬಿಂದುವಿನಿಂದ ಅಡ್ಡಕ್ಕೆ 47.5, ಮೇಲಕ್ಕೆ 50. ರೇಡಿಯಸ್ ಕೇಳಿದ ಕಡೆ 9 ಹೊಡೆದು 18 ಮಿ.ಮೀ. ಅಗಲದ ಸ್ಲಾಟ್ ಮಾಡಿಕೊಳ್ಳುವುದು ದಿನನಿತ್ಯದ ತಪ್ಪು. ಡೈಮೆನ್ಷನ್ ಹಾಕುವಾಗ ಸಂಖ್ಯೆಯ ಹಿಂದಿರುವುದು ರೇಡಿಯಸ್ಸೋ ಡಯಾಮೀಟರೋ ಅಂತ ಪ್ರತಿ ಸಲ ಓದಿ.

ವೃತ್ತಕ್ಕೆ ಡಯಾಮೀಟರ್ 11, ಸ್ಥಾನ 115 ಮತ್ತು 75.

ಬರೆಯುವಾಗ ಸಾಫ್ಟ್‌ವೇರ್ ತಾನಾಗಿಯೇ ಕೆಲವು ಬಂಧ ಹಾಕುತ್ತದೆ. ಗೆರೆಯ ಹತ್ತಿರ ಕ್ಲಿಕ್ ಮಾಡಿದರೆ ಬಿಂದುವನ್ನು ಆ ಗೆರೆಗೇ ಅಂಟಿಸಿಬಿಡುತ್ತದೆ. ಆದ್ದರಿಂದ ಸ್ಲಾಟ್, ವೃತ್ತ ಎರಡನ್ನೂ ಅಕ್ಷಗಳಿಂದ ದೂರವೇ ಬರೆದು, ಆಮೇಲೆ ಅಳತೆಯಿಂದ ಜಾಗಕ್ಕೆ ತನ್ನಿ. ಎಲ್ಲ ಹಸಿರಾಯಿತೇ? ಸ್ಕೆಚ್ ಮುಚ್ಚಿ.

ಸ್ಕೆಚ್ಚಿನ ಆಕಾರವನ್ನು ಕತ್ತರಿಸಿ ತೆಗೆಯುವ ಪಾಕೆಟ್ ಟೂಲ್ ಒತ್ತಿ, ಥ್ರೂ ಆಲ್ ಆರಿಸಿ. ಏನೂ ಕತ್ತರಿಸದಿದ್ದರೆ ಹೆದರಬೇಡಿ. ಸ್ಕೆಚ್ ಪ್ಲೇಟಿನ ತಳದಲ್ಲಿದೆ, ಪಾಕೆಟ್ ಕೆಳಮುಖವಾಗಿ ಗಾಳಿಯನ್ನು ಕತ್ತರಿಸುತ್ತಿದೆ. ರಿವರ್ಸ್ಡ್ ಗುರುತು ಹಾಕಿದರೆ ತೂತು ಬರುತ್ತದೆ. ಇಲ್ಲಿ 8 ಅಂತ ಸಂಖ್ಯೆ ಕೊಡುವುದಕ್ಕಿಂತ ಥ್ರೂ ಆಲ್ ಒಳ್ಳೆಯದು. ನಾಳೆ ಪ್ಲೇಟ್ 10 ಮಿ.ಮೀ. ಆದರೂ ತೂತು ಆರಪಾರ ಇರುತ್ತದೆ.

ಹಂತ 7: ಒಂದರಿಂದ ನಾಲ್ಕು

ಪಟ್ಟಿಯಲ್ಲಿ ಪಾಕೆಟ್ ಆರಿಸಿ, ಮಲ್ಟಿಟ್ರಾನ್ಸ್‌ಫಾರ್ಮ್ ಒತ್ತಿ. ಅದರೊಳಗೆ ಮೊದಲ ಮಿರರ್ಡ್, ಅಂದರೆ ಕನ್ನಡಿ ಪ್ರತಿ, ಸೇರಿಸಿ ವೈಝಡ್ ಪ್ಲೇನ್ ಕೊಡಿ, ಎರಡನೆಯದಕ್ಕೆ ಎಕ್ಸ್‌ಝಡ್ ಪ್ಲೇನ್. ಒಂದು ಎರಡಾಗಿ, ಎರಡು ನಾಲ್ಕಾಗುತ್ತದೆ. ಎರಡೇ ಉಳಿದಿದ್ದರೆ ಎರಡೂ ಕಡೆ ಒಂದೇ ಪ್ಲೇನ್ ಕೊಟ್ಟಿದ್ದೀರಿ.

ಬಿಡಿಯಾಗಿ ಒಂದು ಮಿರರ್ಡ್ ಮಾಡಿ, ಅದರ ಮೇಲೆ ಇನ್ನೊಂದು ಮಿರರ್ಡ್ ಮಾಡಲು ಹೋಗಬೇಡಿ. ಆ ದಾರಿಯಲ್ಲಿ ತಪ್ಪು ಸಂದೇಶ ಬಂದು ನಿಲ್ಲುವವರೇ ಜಾಸ್ತಿ.

ಹಂತ 8: ಮೂಲೆ ದುಂಡಗೆ ಮಾಡುವುದು ಕೊನೆಗೆ

ನಾಲ್ಕು ನಿಂತ ಅಂಚುಗಳನ್ನು ಆರಿಸಿ ಫಿಲೆಟ್ 10 ಕೊಡಿ. ಇದನ್ನು ಮೊದಲೇ ಮಾಡಿದರೆ ಚಂದ ಕಾಣುತ್ತದೆ ನಿಜ. ಆದರೆ ಫಿಲೆಟ್ ಅಂಚುಗಳನ್ನು ನಂಬಿ ನಿಂತಿರುತ್ತದೆ, ಅಂಚು ಬದಲಾದರೆ ಮೊದಲು ಮುರಿಯುವುದು ಅದೇ. ಚಂದ ಮಾಡುವ ಕೆಲಸ ಯಾವಾಗಲೂ ಪಟ್ಟಿಯ ತಳದಲ್ಲಿರಲಿ.

ಹಂತ 9: ಬೇಕೆಂದೇ ಅಳತೆ ಬದಲಿಸಿ ನೋಡಿ

ಫೈಲನ್ನು 02 ಅಂತ ಬೇರೆ ಹೆಸರಿನಲ್ಲಿ ಉಳಿಸಿ. ಈಗ ಮೊದಲ ಸ್ಕೆಚ್ ತೆರೆದು 260 ಇರುವಲ್ಲಿ 300 ಮಾಡಿ. ಪ್ಲೇಟ್ ಎರಡೂ ಕಡೆ ಸಮನಾಗಿ ಬೆಳೆಯಬೇಕು, ಸ್ಲಾಟುಗಳು ಜಾಗ ಬಿಡಬಾರದು. ಮೂಲೆ ತೂತು ನಡುವಿನಿಂದ ಅಳೆದದ್ದರಿಂದ 115ರಲ್ಲೇ ಉಳಿಯುತ್ತದೆ, ಅದನ್ನು ನೀವೇ 135 ಮಾಡಬೇಕು. ಪಟ್ಟಿಯಲ್ಲಿ ಎಲ್ಲಾದರೂ ಕೆಂಪು ಗುರುತು ಬಂದರೆ ಆ ಹೆಜ್ಜೆಯ ಸ್ಕೆಚ್ ತೆರೆದು ಹಸಿರಿದೆಯೇ ನೋಡಿ. ತಪ್ಪು ಹುಡುಕುವಾಗ ಯಾವಾಗಲೂ ಮೇಲಿನಿಂದ ಕೆಳಗೆ ಬನ್ನಿ. ಮೊದಲ ಕೆಂಪು ಸರಿಯಾದರೆ ಕೆಳಗಿನವು ಎಷ್ಟೋ ಸಲ ತಾವಾಗಿಯೇ ಸರಿಹೋಗುತ್ತವೆ.

90 ಎಲ್ ಫ್ರೇಮಿನ ಮೋಟಾರಿಗೆ ಇದೇ ಮಾಡೆಲ್ ತಿದ್ದಿ ನೋಡುವುದು ಒಳ್ಳೆಯ ಅಭ್ಯಾಸ. ಅದರಲ್ಲಿ 140 ಮತ್ತು 125, ತೂತು 10. ಆಗ 47.5 ಹೋಗಿ 55 ಬರುತ್ತದೆ, 50 ಹೋಗಿ 62.5. ಪಾದವೂ ದೊಡ್ಡದು, ಪ್ಲೇಟನ್ನೂ ದೊಡ್ಡದು ಮಾಡಬೇಕಾಗುತ್ತದೆ.

ಹಂತ 10: ಕಾಗದದ ಪ್ಲೇಟ್

ಕಬ್ಬಿಣ ಕತ್ತರಿಸುವ ಮೊದಲು ಕಾಗದ ಕತ್ತರಿಸಿ. ನಮ್ಮ ಪ್ಲೇಟ್ 260 ಕ್ಕೆ 180, ಎ4 ಹಾಳೆ 297 ಕ್ಕೆ 210. ಅಡ್ಡ ಹಾಳೆಯಲ್ಲಿ ಪೂರ್ತಿ ಅಳತೆಗೇ ಹಿಡಿಸುತ್ತದೆ.

01 ಫೈಲಿಗೆ ಮರಳಿ. 2 ಒತ್ತಿ ಮೇಲಿನ ನೋಟಕ್ಕೆ ಬಂದು, ಬಾಡಿ ಆರಿಸಿ, ಮಾಡೆಲಿನಿಂದ ಹಾಳೆಯ ಚಿತ್ರ ಮಾಡುವ ಟೆಕ್‌ಡ್ರಾ ವರ್ಕ್‌ಬೆಂಚಿನಲ್ಲಿ ಖಾಲಿ ಎ4 ಅಡ್ಡ ಹಾಳೆ ತೆರೆದು ನೋಟ ಸೇರಿಸಿ. ಸ್ಕೇಲ್ 1 ಇರಲಿ. ಪಿಡಿಎಫ್ ಮಾಡಿ ಮುದ್ರಿಸಿ.

ಪ್ರಿಂಟರ್ ಸೆಟ್ಟಿಂಗಿನಲ್ಲಿ ಫಿಟ್ ಟು ಪೇಜ್ ಇರಬಾರದು, ನೂರು ಪ್ರತಿಶತ ಇರಬೇಕು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವುದಾದರೆ ಇದನ್ನು ಬಾಯಿಬಿಟ್ಟು ಹೇಳಿ, ಕೇಳದಿದ್ದರೆ ಅವರು ಹಾಳೆಗೆ ಹೊಂದಿಸಿಯೇ ಕೊಡುತ್ತಾರೆ. ಕೈಗೆ ಬಂದ ಹಾಳೆಯ ಮೇಲೆ ಸ್ಕೇಲಿಟ್ಟು 260 ಇದೆಯೇ ನೋಡಿ. 250 ಬಂದರೆ ಆ ಹಾಳೆ ಕೆಲಸಕ್ಕೆ ಬಾರದು.

ಹಾಳೆಯನ್ನು ರಟ್ಟಿಗೆ ಅಂಟಿಸಿ, ಸ್ಲಾಟ್ ಕೊರೆದು, ಮೋಟಾರಿನ ಪಾದದ ಕೆಳಗಿಟ್ಟು ನೋಡಿ. ನಾಲ್ಕೂ ಬೋಲ್ಟ್ ಇಳಿಸಿ. ಪುಲ್ಲಿ ಪಲ್ಪರಿನ ಪುಲ್ಲಿಯ ನೇರಕ್ಕೆ ಬರುತ್ತಿದೆಯೇ, ಮೋಟಾರ್ ಸರಿಯುವ ದಿಕ್ಕು ಸರಿಯಿದೆಯೇ, ಮೂಲೆ ಬೋಲ್ಟಿಗೆ ಸ್ಪ್ಯಾನರ್ ಹಿಡಿಯುತ್ತದೆಯೇ ಎಲ್ಲವೂ ಈಗಲೇ ತಿಳಿಯುತ್ತದೆ.

ಹಂತ 11: ಅಂಗಡಿಗೆ ಕೊಡುವಾಗ

ಕುಶಾಲನಗರ, ಗೋಣಿಕೊಪ್ಪ ಅಥವಾ ವಿರಾಜಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಕೈಯಲ್ಲೇ ಮಾಡಿಸುವುದಾದರೆ ಅವರಿಗೆ ಬೇಕಾಗುವುದು ಅಳತೆ ಬರೆದ ಹಾಳೆ. ಸ್ಲಾಟಿನ ಎರಡು ತುದಿಗಳ ನಡುಬಿಂದುವನ್ನು ಹಾಳೆಯ ಮೇಲೆ ಸ್ಪಷ್ಟವಾಗಿ ತೋರಿಸಿ. ಅವರು ಅಲ್ಲಿ ಪಂಚ್ ಹೊಡೆದು, 9 ಮಿ.ಮೀ. ಡ್ರಿಲ್ ಹಾಕಿ, ನಡುವಿನದನ್ನು ತೆಗೆಯುತ್ತಾರೆ. 260, 180, 8ರ ಎಂಎಸ್, ಅಂದರೆ ಮೈಲ್ಡ್ ಸ್ಟೀಲ್ ಪ್ಲೇಟ್ ಸುಮಾರು 2.9 ಕೆಜಿ ತೂಗುತ್ತದೆ, ತೂಕಕ್ಕೆ ಕೊಳ್ಳುವಾಗ ಈ ಲೆಕ್ಕ ನೆನಪಿರಲಿ.

ಮೈಸೂರಿನ ಲೇಸರ್ ಕಟಿಂಗ್ ಘಟಕಕ್ಕೆ ಕಳಿಸುವುದಾದರೆ ಟೆಕ್‌ಡ್ರಾ ಪುಟವನ್ನು ಡಿಎಕ್ಸ್‌ಎಫ್, ಅಂದರೆ ಕಟಿಂಗ್ ಯಂತ್ರಕ್ಕೆ ಕೊಡುವ ಗೆರೆಚಿತ್ರದ ಫೈಲ್ ಮಾಡಿ, ಜೊತೆಗೆ ಅಳತೆ ಬರೆದ ಪಿಡಿಎಫ್ ಕೂಡ ಕಳಿಸಿ. ಡಿಎಕ್ಸ್‌ಎಫ್ ತೆರೆದಾಗ ಉದ್ದ 260 ಮಿ.ಮೀ. ಇದೆಯೇ ಅಂತ ಅವರನ್ನೇ ಕೇಳಿ. 260 ಇಂಚು ಅಂತ ಕಂಡರೆ ಅಲ್ಲಿಯೇ ಯೂನಿಟ್ ಬದಲಿಸಬೇಕು. ಲೇಸರ್ ತಿನ್ನುವ ಅಗಲಕ್ಕಾಗಿ ನೀವು ಅಳತೆ ಹೆಚ್ಚು ಕಡಿಮೆ ಮಾಡಬೇಡಿ, ಅದನ್ನು ಅವರ ಯಂತ್ರವೇ ನೋಡಿಕೊಳ್ಳುತ್ತದೆ. ಡಿಎಕ್ಸ್‌ಎಫ್‌ನಲ್ಲಿ ದಪ್ಪ ಇರುವುದಿಲ್ಲ. 8 ಮಿ.ಮೀ. ಎಂಎಸ್, ಒಂದು ಪ್ಲೇಟ್ ಅಂತ ಬರೆದು ಕಳಿಸಿ, ಬೋಲ್ಟ್‌ಗಳ ಜೊತೆ ಸ್ಲಾಟಿಗೆ ಅಗಲವಾದ ವಾಷರ್ ಕೊಳ್ಳಲು ಮರೆಯಬೇಡಿ.